ದೂಪನಹಳ್ಳಿಯ ಸರ್ಕಾರಿ ಗರುಡ

ಬೈಲಪ್ಪನವರ ಎದುರುಮನೆಯ ಗೇಟಿನ ಎರಡು ಕಂಬಗಳ ಮೇಲೆ ಎರಡು ಸಿಂಹಗಳು ಬಂದು ಕೂತವು. ಸಿಮೆಂಟಿನ ಸಿಂಹಗಳು, ಯಾರಿಗೂ ತೊಂದರೆ ಕೊಡುವಂಥವಲ್ಲ. ಆದರೆ ಅವುಗಳ ಮುಖ ಬೈಲಪ್ಪನವರ ಮನೆಯ ಕಡೆಗಿತ್ತು, ಬಾಯಿ ತೆರೆದಿತ್ತು. ಬೆಳಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಹೊರಗೆ ಬಂದಾಗಲೆಲ್ಲ ಅವೆರಡೂ ತಮ್ಮ ಲುಂಗಿಯನ್ನು ನೋಡಿ ನಗುತ್ತಿವೆ ಎಂದು ಬೈಲಪ್ಪನವರಿಗೆ ಅನ್ನಿಸುತ್ತಿತ್ತು. ಹೀಗೆ ಅನ್ನಿಸುವುದು ಸರಿಯಲ್ಲವೆಂದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಹಾಲನ್ನು ಹಿತ್ತಿಲ ಬಾಗಿಲಿಗೆ ಹಾಕುವಂತೆ ಹೇಳಿಬಿಟ್ಟರು.

ಸಿಂಹಗಳ ಒಡೆಯ ಕೆಂಪರಾಜ್ ಬೇರೆ ಯಾರೋ ಆಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅವರು ಬೈಲಪ್ಪನವರ ದೊಡ್ಡಪ್ಪನ ಮಗ. ದೂಪನಹಳ್ಳಿ ಹಿಂದೆ ರಾಗಿ, ಅವರೆ ಬೆಳೆಯುತ್ತಿದ್ದ ಊರು. ಇಂದಿರಾನಗರ ಬಡಾವಣೆ ಮಾಡುವಾಗ ಸರ್ಕಾರ ಹೊಲಗಳನ್ನೆಲ್ಲ ತೆಗೆದುಕೊಂಡು ಮನೆಗಳನ್ನು ಮಾತ್ರ ಬಿಟ್ಟಿತು. ಹೊಲ ಹೋದ ಮೇಲೆ ಬದುವಿನ ಜಗಳಕ್ಕೆ ಜಾಗವಿಲ್ಲದಂತಾಯಿತು. ತಲೆಮಾರುಗಳಿಂದ ಬಂದ ಆ ಜಗಳ ಸುಮ್ಮನೆ ಹಾಳಾಗಬಾರದಲ್ಲ. ಅದು ಮನೆಗಳ ಮೇಲೆ ಹತ್ತಿತು. ಕೆಂಪರಾಜ್ ಮೊಸಾಯಿಕ್ ಹಾಕಿಸಿದರೆ ಬೈಲಪ್ಪನವರು ಗ್ರಾನೈಟ್ ಹಾಕಿಸಿದರು. ಬೈಲಪ್ಪನವರು ಗ್ರಾನೈಟ್ ಹಾಕಿಸಿದರೆ ಕೆಂಪರಾಜ್ ಮಹಡಿ ಎಬ್ಬಿಸಿದರು. ಈಗ ಸಿಂಹ.

ಆದರೂ ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು, ನಡುವೆ ಮಗಳ ಮದುವೆಯ ಮಾತು ಬರದಿದ್ದರೆ. ಮಗಳು ಹಂಸ ಬಿ.ಕಾಂ. ಮುಗಿಸಿ ಹಲಸೂರಿನ ಒಬ್ಬ ಆಡಿಟರ್ ಬಳಿ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗ ಸೂರ್ಯ, ಕೆ.ಆರ್. ಪುರದ ಮುನಿರಾಜಪ್ಪನವರ ಮಗ, ರೈಲ್ವೆ ಕೆಲಸ. ಇಬ್ಬರೂ ಒಂದು ಮದುವೆಮನೆಯಲ್ಲಿ ಒಬ್ಬರನ್ನೊಬ್ಬರು ನೋಡಿ, ಒಪ್ಪಿ, ಅದನ್ನು ಯಾರಿಗೂ ಹೇಳದೆ ಎಲ್ಲರಿಗೂ ತಿಳಿಯುವ ಹಾಗೆ ನಡೆದುಕೊಂಡಿದ್ದರು. ಉಳಿದಿದ್ದು ಮುನಿರಾಜಪ್ಪನವರ ಒಪ್ಪಿಗೆ. ಅವರು ಕಡ್ಡಿ ಮುರಿದ ಹಾಗೆ ಮಾತಾಡುವ ಮನುಷ್ಯ. ಆಗಸ್ಟ್ ಹದಿನೇಳರ ಭಾನುವಾರ ಹೆಣ್ಣು ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದ ಅವರು, ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದರಂತೆ.

“ಏನಂತೆ?” ಎಂದರು ಬೈಲಪ್ಪನವರು.

“ಸಿಂಹ ಇರೋ ಮನೇನಾ ಅಂತ ಕೇಳಿದ್ರಂತೆ,” ಎಂದರು ಹೆಂಡತಿ ಆಂಜನಮ್ಮ. “ಅಲ್ಲ, ಅದರ ಎದುರುಮನೆ ಅಂದ್ನಂತೆ ಮಾತು ತಂದ ನಮ್ಮಣ್ಣ. ಅದಕ್ಕವರು ಹೂಂ ಅಂದ್ರಂತೆ.”

“ಯಾವ ಥರ ಹೂಂ?”

“ಹೂಂನಲ್ಲಿ ಥರ ಏನ್ರೀ ಇರುತ್ತೆ?”

ಇರುತ್ತದೆಂದು ಬೈಲಪ್ಪನವರಿಗೆ ಗೊತ್ತಿತ್ತು. ಅವರು ಆ ದಿನವೆಲ್ಲ ಯೋಚಿಸಿದರು.

“ಸಿಂಹಕ್ಕಿಂತ ದೊಡ್ಡದು ಯಾವುದೇ?”

“ಆನೆ.”

“ಆನೆ ಕೂರಿಸಿದ್ರೆ ಗೇಟು ಕುಸಿಯುತ್ತೆ.”

“ಹಂಗಾದ್ರೆ ಸುಮ್ಮನೆ ಇರಿ,” ಎಂದು ಆಂಜನಮ್ಮ ನೆನೆಸಿದ ಅವರೆಕಾಳು ಹಿಸುಕಲು ಕೂತರು.

ಸುಮ್ಮನೆ ಇರುವುದೊಂದನ್ನು ಬಿಟ್ಟು ಬೇರೆ ಯಾವ ಕೆಲಸಕ್ಕೂ ಬೈಲಪ್ಪನವರು ಹಿಂಜರಿಯುವವರಲ್ಲ. ಆ ವಾರ ಅವರು ತೀರಿಹೋದ ತಂದೆಯ ಫೋಟೋಗೆ ಹೊಸ ಗಾಜು ಹಾಕಿಸಲು ಶಿವಾಜಿನಗರಕ್ಕೆ ಹೋದರು. ರಸೆಲ್ ಮಾರ್ಕೆಟ್ಟಿನ ಹಿಂದೆ ಜಹನಾರಾ ಎಂಬಾಕೆಯದು ಚೌಕಟ್ಟು ಹಾಕುವ ಸಣ್ಣ ಅಂಗಡಿ. ಮೆಕ್ಕಾ, ವೇಲಾಂಗಣ್ಣಿ, ತಿರುಪತಿ ಎಲ್ಲ ಒಂದೇ ಗೋಡೆಯ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ನೇತಾಡುತ್ತಿದ್ದವು. ಅವುಗಳ ಕೊನೆಯಲ್ಲಿ ಧೂಳು ಹಿಡಿದ ಇನ್ನೊಂದು ಪಟವಿತ್ತು. ಬೈಲಪ್ಪನವರು ಅದನ್ನು ನೋಡಿದವರೇ ಚಪ್ಪಲಿ ಬಿಟ್ಟರು.

ಗರುಡ. ಅಪ್ಪಟ ಚಿನ್ನದ ಬಣ್ಣ. ರೆಕ್ಕೆಗಳನ್ನು ಎರಡು ಕಡೆಗೂ ಬಿಚ್ಚಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಎದುರಿಗಿರುವವರನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂಬಂತೆ ನಿಂತಿತ್ತು. ಎದೆಯ ಮೇಲೊಂದು ಗುರಾಣಿ. ಗುರಾಣಿಯಲ್ಲಿ ಬಸವಣ್ಣನ ತಲೆ. ಪಕ್ಕದಲ್ಲಿ ಆಲದ ಮರ. ಕೆಳಗೆ ಭತ್ತದ ತೆನೆ, ಬಿರಿದ ಹತ್ತಿ. ಒಂದು ಕಡೆ ಸರಪಳಿ, ನಟ್ಟನಡುವೆ ನಕ್ಷತ್ರ. ಬೈಲಪ್ಪನವರ ಕಣ್ಣು ತುಂಬಿ ಬಂತು. ಬಸವ ಎಂದರೆ ಅಪ್ಪ ಉಳುತ್ತಿದ್ದ ಎತ್ತು. ಆಲದ ಮರ ಎಂದರೆ ಪಟಾಲಮ್ಮನ ಗುಡಿಯ ಹಿಂದೆ ಇದ್ದದ್ದು. ಸರಪಳಿ ಎತ್ತು ಕಟ್ಟುವುದು. ನಕ್ಷತ್ರ ಹಂಸಳ ಜನ್ಮನಕ್ಷತ್ರ. ಯಾವ ಪುಣ್ಯಾತ್ಮ ಬರೆದನೋ, ತಮ್ಮ ವಂಶದ ಕಥೆಯನ್ನೇ ಒಂದು ಹಕ್ಕಿಯ ಎದೆಯ ಮೇಲೆ ಬರೆದಿದ್ದ.

“ಅದು ಬೇಕಾ ಅಪ್ಪಾಜಿ?” ಎಂದಳು ಜಹನಾರಾ. “ಯಾವ್ದೋ ಫಾರಿನ್ ಕಂಪ್ನಿಯೋರು ಗ್ಲಾಸ್ ಹಾಕ್ಸೋಕೆ ಕೊಟ್ಟಿದ್ರು. ಆಫೀಸೇ ಮುಚ್ಕೊಂಡು ಹೋಗ್ಬಿಟ್ರು. ನಂಗೆ ಗೋಡೆ ಜಾಗ ದಂಡ. ತಗೊಂಡ್ ಹೋಗಿ.”

ಈ ಮಾತಿನಲ್ಲಿ ‘ಫಾರಿನ್’ ಎಂಬ ಪದ ಸ್ಪಷ್ಟವಾಗಿಯೇ ಇತ್ತು. ಆದರೆ ಕೈಮುಗಿದು ಕಣ್ಣು ಮುಚ್ಚಿದ ಮನುಷ್ಯ ಕಿವಿಯನ್ನು ಮಾತ್ರ ತೆರೆದಿಟ್ಟಿರಬೇಕೆಂದು ಬಯಸುವುದು ನ್ಯಾಯವಲ್ಲ.

ಮನೆಯಲ್ಲಿ ಪಟವನ್ನು ನೋಡಿದ ಹಂಸ ಹುಬ್ಬು ಗಂಟಿಕ್ಕಿದಳು. “ಅಪ್ಪ, ಇದು ದೇವರ ಪಟದ ಥರ ಇಲ್ಲ. ಏನೋ ಸರ್ಕಾರಿ ಸೀಲ್ ಇದ್ದಂಗಿದೆ.”

“ದೇವ್ರಿಗೂ ಸರ್ಕಾರಕ್ಕೂ ಏನಮ್ಮ ಅಂಥ ವ್ಯತ್ಯಾಸ? ಇಬ್ಬರೂ ಕರ್ದಾಗ ಬರಲ್ಲ,” ಎಂದು ಬೈಲಪ್ಪನವರು ಪಟವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮರ್ಫಿ ಟೌನಿಗೆ ಹೊರಟರು.

ಅಲ್ಲಿ ಏಳುಮಲೆ ಎಂಬ ಮೇಸ್ತ್ರಿ ಇದ್ದ. ಸಿಮೆಂಟಿನಲ್ಲಿ ಗೊಂಬೆ ಮಾಡುವುದು ಅವನ ಕಸುಬು. ಕೆಂಪರಾಜರ ಸಿಂಹಗಳೂ ಅವನ ಕೈಯವೇ. ಅವನು ಪಟವನ್ನು ತಿರುಗಿಸಿ ಮುರುಗಿಸಿ ನೋಡಿದ.

“ಚರ್ಚಿಗೆ ಏಂಜೆಲ್ ಮಾಡಿದೀನಿ ಸಾರ್, ರೆಕ್ಕೆ ನಮ್ಗೆ ಹೊಸದಲ್ಲ. ಸಿಂಹ ಮಾಡೋದೇ ಕಷ್ಟ. ಎಷ್ಟು ಮಾಡಿದ್ರೂ ಓನರ್ ಮುಖ ಬಂದ್ಬಿಡುತ್ತೆ.”

ಈ ಮಾತು ಬೈಲಪ್ಪನವರಿಗೆ ಎಷ್ಟು ಹಿತವಾಯಿತೆಂದರೆ, ಕೂಲಿ ಮಾತಾಡುವುದನ್ನೇ ಮರೆತರು. “ಪಟದಲ್ಲಿರೋ ಹಂಗೇ ಬರ್ಬೇಕು. ಒಂದು ಗರಿ ಆಚೀಚೆ ಆಗ್ಬಾರ್ದು.”

“ಕಾಲಲ್ಲಿ ಹಿಡ್ಕೊಂಡಿರೋ ರಿಬ್ಬನ್ ಮೇಲೆ ಇಂಗ್ಲೀಷಲ್ಲಿ ಏನೋ ಬರ್ದಿದೆ, ಅದು?”

“ಅದು ಬೇಡ. ಶ್ರೀ ಪಟಾಲಮ್ಮ ಪ್ರಸನ್ನ ಅಂತ ಬರಿ.”

ಆ ವರ್ಷ ವರಮಹಾಲಕ್ಷ್ಮಿ ಹಬ್ಬವೂ ಸ್ವಾತಂತ್ರ್ಯದ ಐವತ್ತನೇ ವರ್ಷದ ಹಬ್ಬವೂ ಒಂದೇ ಶುಕ್ರವಾರ ಬಂದಿದ್ದವು. ಅದಕ್ಕೆ ಎರಡು ದಿನ ಮುಂಚೆ ಗರುಡ ಗೇಟಿನ ಕಮಾನಿನ ಮೇಲೆ ಏರಿತು. ರೆಕ್ಕೆ ಬಿಚ್ಚಿದರೆ ಎತ್ತಿನಗಾಡಿಯಷ್ಟು ಅಗಲ. ಬಿಸಿಲು ಬಿದ್ದರೆ ಎದುರುಮನೆಯ ಹಾಲ್‌ನಲ್ಲಿ ಟಿ.ವಿ. ಕಾಣದಷ್ಟು ಹೊಳಪು. ಓಣಿಯ ಜನ ಬಂದು ನೋಡಿದರು. ಕೆಲವರು ಕೈಮುಗಿದರು, ಕೆಲವರು ಬಣ್ಣ ಯಾವ ಕಂಪನಿಯದೆಂದು ಕೇಳಿದರು. ಬೈಲಪ್ಪನವರ ಸೋದರತ್ತೆ ದೊಡ್ಡಮುನಿಯಮ್ಮ ಕೋಲೂರಿಕೊಂಡು ಹೊರಗೆ ಬಂದು, ಬಹಳ ಹೊತ್ತು ಕತ್ತೆತ್ತಿ ನಿಂತರು.

“ಬೈಲಾ, ಕೋಳೀನ ಯಾಕಪ್ಪ ಇಷ್ಟು ದಪ್ಪ ಮಾಡ್ಸಿದ್ದೀಯ?”

“ಕೋಳಿಯಲ್ಲ ಅತ್ತೆ, ಗರುಡ.”

“ಗರುಡ ಆದ್ರೆ ಎದೆ ಮೇಲೆ ತಟ್ಟೆ ಯಾಕೆ ಕಟ್ಕೊಂಡಿದೆ?”

ಎದುರುಮನೆಯ ಕೆಂಪರಾಜ್ ಈ ಪ್ರಶ್ನೆಗೆ ಜೋರಾಗಿ ನಕ್ಕರು. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ.

ಮರುದಿನ ಮೋರಿ ಅಗಲ ಮಾಡುವ ಕಾರ್ಪೊರೇಷನ್ನಿನವರು ಕೆಂಪು ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಬಂದರು. ಮೋರಿಯ ಮೇಲೆ ಚಾಚಿಕೊಂಡ ಮೆಟ್ಟಿಲು, ಜಗಲಿ, ಗೇಟು ಕಂಡಲ್ಲೆಲ್ಲ, ಒಡೆಯಬೇಕೆಂಬ ಗುರುತಿಗೆ, ಒಂದು ಅಡ್ಡಗೀಟು. ಕೆಂಪರಾಜರ ಎರಡೂ ಸಿಂಹಗಳ ಪೀಠಗಳಿಗೆ ಒಂದೊಂದು ಗೀಟು ಬಿತ್ತು. ಬೈಲಪ್ಪನವರ ಗೇಟಿನ ಮುಂದೆ ಬಂದಾಗ ಛತ್ರಿ ಹಿಡಿದಿದ್ದ ಸಾಹೇಬರು ನಿಂತರು.

“ಇದು ಯಾವ ದೇಶದ ಕಾನ್ಸುಲೇಟು ರೀ?”

“ಬೋರ್ಡ್ ಇಲ್ಲ ಸಾರ್,” ಎಂದ ಬ್ರಷ್ಷು ಹಿಡಿದವನು.

“ಬೋರ್ಡ್ ಇಲ್ದೇ ಇದ್ರೆ ಇನ್ನೂ ದೊಡ್ಡದಿರುತ್ತೆ. ಆ ಗುರಾಣಿ ನೋಡಿದ್ರೆ ಗೊತ್ತಾಗಲ್ವಾ? ಮುಟ್ಬೇಡಿ. ಆಮೇಲೆ ಡೆಲ್ಲಿಯಿಂದ ಫೋನ್ ಬಂದ್ರೆ ನೀವು ಎತ್ತಲ್ಲ, ನಾನೇ ಎತ್ಬೇಕು.”

ಸಾಹೇಬರು ಛತ್ರಿ ಮಡಿಸಿ, ಹಕ್ಕಿಯ ಕಡೆಗೆ ಒಂದು ಅಳತೆಯ ನಮಸ್ಕಾರ ಮಾಡಿ ಮುಂದಿನ ಮನೆಗೆ ಹೋದರು. ಕಿಟಕಿಯೊಳಗಿಂದ ನೋಡುತ್ತಿದ್ದ ಬೈಲಪ್ಪನವರಿಗೆ ಕಂಡದ್ದು ನಮಸ್ಕಾರ ಮಾತ್ರ. ಸರ್ಕಾರಿ ನೌಕರರಲ್ಲೂ ದೈವಭಕ್ತಿ ಉಳಿದಿದೆಯಲ್ಲ ಎಂದು ಅವರು ಸಂತೋಷಪಟ್ಟರು. ಕೆಂಪರಾಜರಿಗೆ ಮಾತುಗಳೂ ಕೇಳಿಸಿದ್ದವು.

ಆ ಕಡೆಯ ಹಳೇ ಊರುಗಳವರಿಗೆ ಸರ್ಕಾರದ ಗುರುತು ಒಂದು ಆಸ್ತಿಯ ಮೇಲೆ ಕಂಡರೆ ಅದರ ಅರ್ಥ ಒಂದೇ. ಕಲ್ಲು ನೆಟ್ಟರೂ, ಬೋರ್ಡು ಹೊಡೆದರೂ, ಬಣ್ಣ ಬಳಿದರೂ ಆ ಜಾಗ ಹೋಯಿತೆಂದೇ ಲೆಕ್ಕ. ಅವರು ಹೊಲಗಳನ್ನು ಕಳೆದುಕೊಂಡದ್ದು ಹಾಗೆಯೇ. ಕೆಂಪರಾಜ್ ಅದೇ ಅನುಭವದ ಆಧಾರದ ಮೇಲೆ ವಿಚಾರ ಮಾಡಿದರು. ನಮ್ಮ ಸರ್ಕಾರದವರು ಬೈಲನ ಮನೆಯನ್ನು ಮುಟ್ಟಲಿಲ್ಲ. ಅಂದರೆ ಆ ಮನೆಯನ್ನು ಇನ್ನೊಂದು ಸರ್ಕಾರ ಆಗಲೇ ತೆಗೆದುಕೊಂಡಿದೆ. ಮರ್ಯಾದೆಗೆ ಅಂಜಿ ಬೈಲ ಬಾಯಿ ಬಿಡುತ್ತಿಲ್ಲ. ವಿಚಾರ ಇಲ್ಲಿಗೆ ಮುಟ್ಟಿದಾಗ ಅವರಿಗೆ ದಾಯಾದಿಯ ಮೇಲೆ ಒಂದು ಗಳಿಗೆ ನಿಜವಾಗಿಯೂ ಮರುಕ ಹುಟ್ಟಿತು. ಮರುಕ ಹುಟ್ಟಿದ ಕೂಡಲೇ ಕೆ.ಆರ್. ಪುರಕ್ಕೆ ಫೋನ್ ಮಾಡಿದರು.

“ಅಣ್ಣ, ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ. ಹುಡ್ಗಿ ಬಂಗಾರ. ಆದ್ರೆ ಆ ಮನೆ ಅವ್ರದ್ದಲ್ಲ. ಫಾರಿನ್ ಸರ್ಕಾರ ಅಕ್ವೈರ್ ಮಾಡ್ಕೊಂಡಿದೆ. ಗೇಟ್ ಮೇಲೆ ಹಕ್ಕಿ ಕೂರಿಸ್ಬಿಟ್ಟವ್ರೆ.”

ಆ ಕಡೆಯಿಂದ ಮುನಿರಾಜಪ್ಪನವರು ಹೂಂ ಎಂದರಂತೆ.

ಇದಾವುದೂ ತಿಳಿಯದ ಬೈಲಪ್ಪನವರು ಶನಿವಾರ ಮಧ್ಯಾಹ್ನ ಗೇಟಿಗೆ ಮಾವಿನೆಲೆ ಕಟ್ಟುತ್ತಿದ್ದರು. ತಾಯಿ ಮಗಳು ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಹಲಸೂರಿಗೆ ಹೋಗಿದ್ದರು. ಒಂದು ಆಟೋ ಭರ್ರೆಂದು ಮುಂದೆ ಹೋಗಿ, ಅಷ್ಟೇ ವೇಗದಲ್ಲಿ ಹಿಂದಕ್ಕೆ ಬಂತು. ಅದರಿಂದ ಇಳಿದ ಎಳೆಯ ಹುಡುಗ ನೋಡಲು ನಮ್ಮ ಕಡೆಯವನಂತಿರಲಿಲ್ಲ. ಕಾಲೇಜಿನ ಚೀಲ ಹೆಗಲಿಗಿತ್ತು. ಗರುಡನನ್ನು ನೋಡಿ ಅವನು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡ. ಆಮೇಲೆ ಕಣ್ಣು ಒರೆಸಿಕೊಂಡ.

“ಸರ್, ಮೈ ನೇಮ್ ಈಸ್ ವಿಷ್ಣು.”

ಬೈಲಪ್ಪನವರ ಕೈಯಿಂದ ಮಾವಿನೆಲೆ ಜಾರಿತು. ಗರುಡನನ್ನು ಹುಡುಕಿಕೊಂಡು ಬರುವವನಿಗೆ ಬೇರೆ ಯಾವ ಹೆಸರು ತಾನೇ ಇರಲು ಸಾಧ್ಯ?

“ಕಮ್, ಕಮ್,” ಎಂದರು.

“ಸರ್, ಟುಮಾರೋ ಸೆವೆಂಟೀನ್ತ್. ಬಿಗ್ ಡೇ. ಮೈ ಫ್ರೆಂಡ್ಸ್, ಫ್ಲ್ಯಾಗ್, ಸಾಂಗ್, ಎಲ್ಲೋ ರೈಸ್. ಹಿಯರ್ ಓಕೆ?”

ಬೈಲಪ್ಪನವರ ಇಂಗ್ಲಿಷಿಗೆ ಇದು ದೊಡ್ಡ ಹೊರೆಯೇನಲ್ಲ. ನಾಳೆ ಗೆಳೆಯರೊಂದಿಗೆ ಬರುತ್ತಾನೆ. ಬಾವುಟ ತರುತ್ತಾನೆ, ಗರುಡಧ್ವಜವೇ ಇರಬೇಕು. ಹಾಡುತ್ತಾರೆ, ಭಜನೆ. ಹಳದಿ ಅನ್ನ, ಚಿತ್ರಾನ್ನದ ನೈವೇದ್ಯ. ಶ್ರಾವಣದ ಭಾನುವಾರ, ಬೀಗರು ಬರುವ ಹೊತ್ತಿಗೆ ಮನೆಯ ಮುಂದೆ ಪರವೂರಿನ ಭಕ್ತರ ಭಜನೆ ನಡೆಯುತ್ತಿದ್ದರೆ ಯಾವ ಸಿಂಹ ತಾನೇ ಕಣ್ಣಿಗೆ ಬಿದ್ದೀತು?

“ಓಕೆ, ವೆರಿ ಓಕೆ,” ಎಂದರು. ಹೆಂಡತಿಗೆ ಹೇಳಿದರೆ ಎಷ್ಟು ಜನಕ್ಕೆ ಅಡಿಗೆ ಎಂಬ ಪ್ರಶ್ನೆ ಬರುತ್ತದೆಂದು ಹೇಳಲಿಲ್ಲ.

ಭಾನುವಾರ ಬೆಳಗ್ಗೆ ವಿಷ್ಣು ಬಂದ. ಜೊತೆಗೆ ಹತ್ತು ಹನ್ನೆರಡು ಹುಡುಗ ಹುಡುಗಿಯರು, ಎಲ್ಲರೂ ಇಸ್ತ್ರಿ ಮಾಡಿದ ಅಂಗಿಗಳಲ್ಲಿ. ಇಬ್ಬರು ಬಿದಿರಿನ ಗಳ ಹೊತ್ತಿದ್ದರು. ಒಬ್ಬಳ ಕೈಯಲ್ಲಿ ಬಾಳೆಲೆ ಹಾಸಿದ ದೊಡ್ಡ ತಟ್ಟೆ, ಅದರ ಮೇಲೆ ಗೋಪುರದ ಹಾಗೆ ಒಟ್ಟಿದ ಹಳದಿ ಅನ್ನ.

“ಯಾರ್ರೀ ಇವ್ರೆಲ್ಲ?” ಎಂದರು ಆಂಜನಮ್ಮ, ಕೇಸರಿಬಾತಿನ ಸೌಟು ಹಿಡಿದುಕೊಂಡೇ.

“ಭಕ್ತರು.”

“ಯಾವ ಊರಿನ ಭಕ್ತರು?”

“ದೂರದವರು. ನೀನು ಸುಮ್ನೆ ನೋಡ್ತಾ ಇರು.”

ಗೇಟಿಗೆ ಗಳ ಕಟ್ಟಿದರು. ಬಾವುಟ ಏರಿತು. ಮೇಲೆ ಕೆಂಪು, ಕೆಳಗೆ ಬಿಳಿ. ಆಂಜನಮ್ಮ ಬಹಳ ಹೊತ್ತು ಅದನ್ನೇ ನೋಡಿ, “ಅರಿಶಿನ ಇದ್ದಿದ್ರೆ ನಮ್ಮ ಕನ್ನಡ ಬಾವುಟ ಅನ್ಕೋಬೋದಿತ್ತು,” ಎಂದರು. ಅಷ್ಟರಲ್ಲಿ ಎಲ್ಲರೂ ಸಾಲಾಗಿ ನಿಂತು, ಗರುಡನಿಗೆ ಸೆಲ್ಯೂಟ್ ಹೊಡೆದು ಹಾಡತೊಡಗಿದರು. ‘ಶ್ರೀ ಪಟಾಲಮ್ಮ ಪ್ರಸನ್ನ’ ಎಂಬ ಅಕ್ಷರಗಳು ತಮ್ಮ ದೇಶದ ಧ್ಯೇಯವಾಕ್ಯದ ಕನ್ನಡ ಅನುವಾದವೆಂದು ಅವರು ನಂಬಿದ್ದರು, ಪಾಪ. ಬೈಲಪ್ಪನವರು ಭಜನೆಗೆ ತಾಳ ಹಾಕಿ ಚಪ್ಪಾಳೆ ತಟ್ಟಿದರು. ಬೇರೆ ಯಾರೂ ತಟ್ಟುತ್ತಿರಲಿಲ್ಲ. ಅವರು ಚಪ್ಪಾಳೆಯನ್ನು ನಿಧಾನವಾಗಿ ನಮಸ್ಕಾರಕ್ಕೆ ತಿರುಗಿಸಿಕೊಂಡರು.

ಸರಿಯಾಗಿ ಆಗಲೇ ಮುನಿರಾಜಪ್ಪನವರ ವ್ಯಾನು ಓಣಿಗೆ ತಿರುಗಿತು.

ಮೊದಲು ಮುನಿರಾಜಪ್ಪನವರು ಇಳಿದರು. ಬಿಳಿ ಪಂಚೆ, ಬಿಳಿ ಮೀಸೆ. ಹಿಂದೆ ಅವರ ಹೆಂಡತಿ ಮಂಜುಳಮ್ಮ, ಹೂವು ಹಣ್ಣಿನ ತಟ್ಟೆ. ಅದರ ಹಿಂದೆ ಸೂರ್ಯ, ಕಣ್ಣೆಲ್ಲ ಕಿಟಕಿಯ ಕಡೆ. ಹಾಡು ಕೇಳಿ ಮುನಿರಾಜಪ್ಪನವರು ಕೈ ಇಳಿಬಿಟ್ಟು ನೆಟ್ಟಗೆ ನಿಂತರು. ಯಾವ ಸರ್ಕಾರದ ಹಾಡಾದರೂ ಮುಗಿಯುವ ತನಕ ಅಲ್ಲಾಡಬಾರದೆಂಬುದು ಅವರ ನಿಯಮ. ಎದುರುಮನೆಯ ಸಿಂಹದ ಕಂಬಕ್ಕೆ ಒರಗಿಕೊಂಡ ಕೆಂಪರಾಜ್ ಹೇಳಿದೆನಲ್ಲ ಎಂಬಂತೆ ತಲೆಯಾಡಿಸಿದರು.

ಹಾಡು ಮುಗಿಯಿತು. ಮುನಿರಾಜಪ್ಪನವರು ನೇರ ಬೈಲಪ್ಪನವರ ಬಳಿ ಬಂದು ಹೆಗಲ ಮೇಲೆ ಕೈಯಿಟ್ಟರು.

“ಯಾವಾಗ ಆಯ್ತು ಇದು?”

“ಬುಧವಾರ,” ಎಂದರು ಬೈಲಪ್ಪನವರು ಹೆಮ್ಮೆಯಿಂದ.

“ಮುಂಚೆ ಹೇಳಿ ಕಳಿಸಿರ್ಲಿಲ್ವಾ?”

“ಇಲ್ಲ, ಎಲ್ರಿಗೂ ಒಂದೇ ಸಲ ಗೊತ್ತಾಗ್ಲಿ ಅಂತ.”

“ಅನ್ಯಾಯ,” ಎಂದರು ಮುನಿರಾಜಪ್ಪನವರು. “ನಮ್ಮ ಕಾಲದಲ್ಲಿ ನೋಟಿಸ್ ಕೊಡ್ತಿದ್ರು, ಪೇಪರ್‌ನಲ್ಲಿ ಹಾಕ್ತಿದ್ರು, ಆಮೇಲೆ ಗೂಟ ಹೊಡೀತಿದ್ರು. ಇವ್ರು ನೇರವಾಗಿ ಹಕ್ಕೀನೇ ಕೂರ್ಸಿಬಿಟ್ಟವ್ರಲ್ಲ.” ಅವರ ಬೆರಳು ಗುರಾಣಿಯ ಮೇಲಿನ ಸರಪಳಿಯನ್ನು ತೋರಿಸಿತು. “ನೋಡಿ, ಸರ್ವೆ ಚೈನನ್ನೂ ಮುಚ್ಚುಮರೆಯಿಲ್ಲದೆ ತೋರಿಸ್ತಿದೆ. ಹೊಲ, ಮರ, ಎತ್ತು, ಬೆಳೆ, ಎಲ್ಲ ಹೋಯ್ತು ಅಂತ ಬರ್ದಿಟ್ಟವ್ರೆ.”

ಬೈಲಪ್ಪನವರು ತಮ್ಮ ಗರುಡನನ್ನು ಮೊದಲ ಸಲ ಬೇರೆಯವರ ಕಣ್ಣ ಮೂಲಕ ನೋಡಿ ಬೆವರತೊಡಗಿದರು. ಅಷ್ಟರಲ್ಲಿ ಮುನಿರಾಜಪ್ಪನವರು ವಿಷ್ಣುವಿನ ಎದುರು ನಿಂತಿದ್ದರು.

“ನೋಡಪ್ಪ ತಮ್ಮ, ನಿಮ್ಮ ದೇಶ ಎಷ್ಟೇ ದೊಡ್ಡದಿರ್ಲಿ. ಹೆಣ್ಣುಮಗಳ ಮದುವೆ ಇಟ್ಕೊಂಡಿರೋ ಮನೇನ ತಗೋಬಾರ್ದು. ನನ್ನ ಹೊಲಾನೂ ಹಿಂಗೇ ಹೋಗಿದೆ, ಅದಕ್ಕೇ ಹೇಳ್ತಿದೀನಿ.”

ವಿಷ್ಣು ಬಹಳ ವಿನಯದಿಂದ ಬಗ್ಗಿ, “ಥ್ಯಾಂಕ್ಯೂ ಸರ್,” ಎಂದ.

“ಥ್ಯಾಂಕ್ಸ್ ಬೇರೆ ಹೇಳ್ತಾನೆ,” ಎಂದರು ಮುನಿರಾಜಪ್ಪನವರು.

ಹೆಣ್ಣು ನೋಡಲು ಬಂದಾಗ ಹೆಣ್ಣು ಕರೆಯುವ ತನಕ ಒಳಗಿರಬೇಕು. ಕರೆದ ಮೇಲೆ ಕಾಫಿ ತಟ್ಟೆ ಹಿಡಿದು, ತಲೆ ತಗ್ಗಿಸಿ ಬರಬೇಕು. ಹಂಸ ಕಿಟಕಿಯಿಂದ ಇದನ್ನೆಲ್ಲ ನೋಡಿದಳು. ಇನ್ನು ಎರಡು ಮಾತಾದರೆ ಬೀಗರು ವ್ಯಾನು ಹತ್ತುತ್ತಾರೆ ಅನ್ನಿಸಿ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ತಟ್ಟೆ ಇಲ್ಲದೆಯೇ ಬೀದಿಗೆ ಬಂದಳು. ಆಂಜನಮ್ಮ ಸೌಟಿನಿಂದ ಬಾಯಿ ಮುಚ್ಚಿಕೊಂಡರು.

ಹಂಸ ವಿಷ್ಣುವಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದಳು. ಆಮೇಲೆ ಮುನಿರಾಜಪ್ಪನವರ ಕಡೆಗೆ ತಿರುಗಿದಳು.

“ಇವ್ರು ಇಂಡೋನೇಷ್ಯಾದವರು ಮಾವ. ಇಲ್ಲಿ ಓದ್ತಿದಾರೆ. ಗರುಡ ಅವ್ರ ದೇಶದ ಲಾಂಛನ, ನಮ್ಮ ನಾಲ್ಕು ಸಿಂಹ ಇದ್ದಂಗೆ. ಇವತ್ತು ಅವ್ರ ಸ್ವಾತಂತ್ರ್ಯ ದಿನ. ಗೇಟ್ ಮೇಲೆ ಹಕ್ಕಿ ನೋಡಿ ಇದು ಅವ್ರ ದೇಶದ ಆಫೀಸು ಅನ್ಕೊಂಡಿದಾರೆ. ಮನೇನ ಯಾರೂ ತಗೊಂಡಿಲ್ಲ. ಅಪ್ಪ ಪಟ ನೋಡಿ ದೇವ್ರು ಅನ್ಕೊಂಡ್ರು, ಅಷ್ಟೇ.”

‘ಮಾವ’ ಎಂಬ ಮಾತು ಆಗಲೇ ಬಾಯಿಂದ ಹೊರಟಿದ್ದನ್ನು ಎಲ್ಲರೂ ಗಮನಿಸಿದರು. ಸೂರ್ಯ ಎಲ್ಲರಿಗಿಂತ ಮೊದಲು ಗಮನಿಸಿದ.

“ಅವ್ನ ಹೆಸರು ವಿಷ್ಣು ಅಂತ ಅವ್ನೇ ಹೇಳಿದ್ನಲ್ಲ,” ಎಂದರು ಬೈಲಪ್ಪನವರು, ಮುಳುಗುವವನ ದನಿಯಲ್ಲಿ.

“ಹೆಸರು ಅದೇ ಅಪ್ಪ. ಅವ್ರು ಮುಸಲ್ಮಾನ್ರು. ಅಲ್ಲಿ ಆ ಹೆಸರು ಎಲ್ರೂ ಇಟ್ಕೋತಾರಂತೆ.”

ಇದನ್ನು ಅರಗಿಸಿಕೊಂಡವರು ದೊಡ್ಡಮುನಿಯಮ್ಮ ಒಬ್ಬರೇ. “ಇರ್ಲಿ ಬಿಡು. ಬಿಸಿಲಲ್ಲಿ ನಿಂತವ್ರೆ ಮಕ್ಳು, ಒಳಗೆ ಕರಿ.”

ಆದರೆ ಕೆಂಪರಾಜ್ ಬಿಡುವವರಲ್ಲ. ರಸ್ತೆ ದಾಟಿ ಬಂದರು. “ಇವ್ರ ಮನೇನೇ ಆದ್ರೆ ಮೋರಿಯೋರು ಯಾಕಣ್ಣ ಬಣ್ಣ ಹಚ್ಲಿಲ್ಲ? ನನ್ನ ಸಿಂಹಕ್ಕೆ ಹಚ್ಚಿದ್ರು. ಈ ಹಕ್ಕೀನ ನೋಡಿ ಆ ಸಾಹೇಬ ಬೇರೆ ದೇಶದ್ದು, ಮುಟ್ಬೇಡಿ, ಡೆಲ್ಲಿಯಿಂದ ಫೋನ್ ಬರುತ್ತೆ ಅಂದ. ಕೈಮುಗಿದು ಹೋದ. ನನ್ನ ಕಿವಿಯಾರೆ ಕೇಳಿದೀನಿ.”

“ಕೈಮುಗಿದ್ರಾ?” ಎಂದರು ಮುನಿರಾಜಪ್ಪನವರು.

“ಛತ್ರಿ ಮಡಿಸಿ.”

ಮುನಿರಾಜಪ್ಪನವರು ಹೂಂ ಎಂದರು. ಈ ಸಲದ ಹೂಂ ಯಾವ ಥರದ್ದೆಂದು ಬೈಲಪ್ಪನವರಿಗೂ ತಿಳಿಯಲಿಲ್ಲ.

ಜಮಖಾನೆ ಹಾಸಿ ಎಲ್ಲರನ್ನೂ ಕೂರಿಸಿದರು. ಒಂದು ಕಡೆ ಕೇಸರಿಬಾತು, ಬೋಂಡ. ಇನ್ನೊಂದು ಕಡೆ ಹಳದಿ ಅನ್ನದ ಗೋಪುರ. ಸ್ವಾತಂತ್ರ್ಯ ದಿನ ತಮ್ಮಲ್ಲಿ ಒಂದು ಆಟವಿದೆಯೆಂದು ವಿಷ್ಣುವಿನ ಗೆಳತಿಯರು ಅಂಗಳದಲ್ಲಿ ದಾರ ಕಟ್ಟಿ, ಸಂಡಿಗೆಯಂಥ ಬಿಳಿ ಬಿಲ್ಲೆಗಳನ್ನು ಇಳಿಬಿಟ್ಟರು. ಕೈ ಹಿಂದೆ ಕಟ್ಟಿಕೊಂಡು ಬಾಯಿಯಲ್ಲೇ ಕಚ್ಚಿ ತಿನ್ನಬೇಕು. ಸೂರ್ಯ ನಿಂತ. ಅವನ ಪಕ್ಕದಲ್ಲಿ, ಯಾರೂ ಕರೆಯದೆಯೇ, ಮುನಿರಾಜಪ್ಪನವರು ಪಂಚೆ ಎತ್ತಿ ಕಟ್ಟಿ ನಿಂತರು. ಕೃಷ್ಣಾಷ್ಟಮಿಯ ಮೊಸರುಕುಡಿಕೆಯಲ್ಲಿ ತಮ್ಮನ್ನು ಗೆದ್ದವರಿಲ್ಲ ಎಂದರು. ಬಿಳಿ ಮೀಸೆ ಗಾಳಿಯಲ್ಲಿ ಬಿಲ್ಲೆಯ ಹಿಂದೆ ಹಿಂದೆ ಹೋಯಿತು. ಮಗನಿಗಿಂತ ಮುಂಚೆ ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕಿದರು. ಅದು ಸೀಗಡಿಯದೆಂದು ಆಂಜನಮ್ಮನವರ ಮೂಗು ಹೇಳಿತು. ಮುನಿರಾಜಪ್ಪನವರದು ಶ್ರಾವಣದ ವ್ರತವೆಂದು ಮಂಜುಳಮ್ಮ ಆಗಷ್ಟೇ ಹೇಳಿದ್ದರು. ಆಂಜನಮ್ಮ ಬೋಂಡದ ತಟ್ಟೆಯನ್ನು ಮುಂದಕ್ಕೆ ಸರಿಸಿ ಸುಮ್ಮನಾದರು.

ಮೂತಿ ಒರೆಸಿಕೊಂಡು ಮುನಿರಾಜಪ್ಪನವರು ಕೂತರು. ಎಲ್ಲರೂ ಅವರನ್ನೇ ನೋಡಿದರು.

“ಹುಡ್ಗಿ ನಮಗೆ ಒಪ್ಪಿಗೆ,” ಎಂದರು. “ಎಲ್ಲರೂ ಬಾಯಿ ಮುಚ್ಕೊಂಡಿದ್ದಾಗ ಬಾಯಿ ಬಿಡ್ತಾಳೆ. ನಮ್ಮನೇಲಿ ಅಂಥವ್ರು ಒಬ್ರು ಬೇಕು. ವರೋಪಚಾರ ಗಿರೋಪಚಾರ ಏನೂ ಬೇಡ. ಆದ್ರೆ ಒಂದು ಕೇಳ್ತೀನಿ.”

ಬೈಲಪ್ಪನವರು ಆಂಜನಮ್ಮನವರ ಕೈ ಹುಡುಕಿದರು. ಸೌಟು ಸಿಕ್ಕಿತು. “ಕೇಳಿ ಬೀಗ್ರೆ.”

“ಆ ಹಕ್ಕಿ ಬೇಕು.”

“ಯಾವ ಹಕ್ಕಿ?”

“ಗೇಟಿನ ಮೇಲೆ ಇರೋದು. ನಮ್ಮನೆ ಹಿಂದೆ ಉಳಿದಿರೋ ತೋಟದ ಮೇಲೆ ರಸ್ತೆ ಹಾಕ್ತೀವಿ ಅಂತ ಮಂಗಳವಾರ ಅಳತೆಗೆ ಬರ್ತಾರಂತೆ. ಒಂದ್ಸಲ ನಮ್ಮನ್ನ ಅಳೆದು ಮುಗ್ಸಿದಾರೆ. ಎರಡನೇ ಸಲ ನನ್ನ ಕೈಲಾಗಲ್ಲ. ಬೇರೆ ದೇಶದ್ದು ಅಂದ್ರೆ ಇವ್ರು ಮುಟ್ಟಲ್ಲ ಅಂತ ನಿಮ್ಮ ದಾಯಾದೀನೇ ಹೇಳಿದ್ರಲ್ಲ.”

ಕೆಂಪರಾಜ್ ಒಂದು ಬೋಂಡ ಪೂರ್ತಿ ಬಾಯಿಗಿಟ್ಟುಕೊಂಡರು. ಮಾತಾಡಬೇಕಾದ ಕಷ್ಟ ತಪ್ಪಿತು.

“ಅದಕ್ಕೇನಂತೆ, ಇದಕ್ಕಿಂತ ದೊಡ್ಡದು ಹೊಸದು ಮಾಡಿಸ್ಕೊಡ್ತೀನಿ,” ಎಂದರು ಬೈಲಪ್ಪನವರು.

ಏಳುಮಲೆಗೆ ಫೋನ್ ಹೋಯಿತು. ಹೊಸದು ಮಾಡಿ, ನೀರು ಕುಡಿಸಿ, ಒಣಗಿಸಿ, ಬಣ್ಣ ಬಳಿಯುವ ಹೊತ್ತಿಗೆ ಗಣೇಶನ ಹಬ್ಬ ಕಳೆದಿರುತ್ತದೆ ಎಂದ. ಮಂಗಳವಾರ ಬೇಕಿದ್ದರೆ ಇದನ್ನೇ ಕತ್ತರಿಸಬೇಕು.

ಬೈಲಪ್ಪನವರು ಹೊರಗೆ ಬಂದರು. ಗರುಡ ಬಿಸಿಲಿನಲ್ಲಿ ಉರಿಯುತ್ತಿತ್ತು. ಎದುರಿಗೆ ಕೆಂಪು ಗೀಟು ಹೊತ್ತ ಸಿಂಹಗಳು ಮೊದಲ ಬಾರಿ ಸಪ್ಪಗೆ ಕಂಡವು. ಸುಖ ಅಂದರೆ ಇಷ್ಟೇ, ನಾಲ್ಕು ದಿನದ್ದು. ಹೊಸಿಲಿನ ಬಳಿ ಹಂಸ ನಿಂತಿದ್ದಳು. ಈಗ ತಲೆಯನ್ನು, ಸಂಪ್ರದಾಯದಂತೆ, ತಗ್ಗಿಸಿದ್ದಳು.

“ಏಣಿ ತಗೊಂಬನ್ನಿ,” ಎಂದರು ಬೈಲಪ್ಪನವರು.

ಸಂಜೆಯ ರಾಹುಕಾಲಕ್ಕೆ ಮುಂಚೆ ಕೆಲಸ ಮುಗಿಯಬೇಕಿತ್ತು. ಏಳುಮಲೆ ಗರಗಸದಿಂದ ಕಂಬಿ ಕತ್ತರಿಸಿದ. ವಿಷ್ಣುವಿಗೆ ಹಂಸ ವಿಷಯ ತಿಳಿಸಿದಾಗ ಅವನು ನಕ್ಕು, “ಟ್ರಾನ್ಸ್‌ಫರ್?” ಎಂದು ಅಂಗಿಯ ತೋಳು ಮಡಿಸಿದ. ಒಂದು ರೆಕ್ಕೆಗೆ ಇಂಡೋನೇಷ್ಯಾದ ಹುಡುಗರು ಹೆಗಲು ಕೊಟ್ಟರು. ಇನ್ನೊಂದಕ್ಕೆ ಸೂರ್ಯ, ಬೈಲಪ್ಪನವರು. ಭಾರ ಒಂದು ಕಡೆ ವಾಲಿದಾಗ ಕೆಂಪರಾಜ್ ಬೈದುಕೊಳ್ಳುತ್ತಲೇ ಬಂದು ಬಾಲ ಹಿಡಿದರು. ಬಾಡಿಗೆ ಟೆಂಪೋ ಹಳೇ ಮದರಾಸು ರಸ್ತೆಯಲ್ಲಿ ಹೊರಟಾಗ ಸಿಗ್ನಲ್ಲಿನಲ್ಲಿ ನಿಂತ ಜನ ಕೈಮುಗಿದರಂತೆ. ಒಬ್ಬರು ಟೆಂಪೋಗೆ ಹೂವನ್ನೂ ಎಸೆದರಂತೆ.

ಮಂಗಳವಾರ ಕೆ.ಆರ್. ಪುರಕ್ಕೆ ಅಳತೆಯವರು ಬಂದರು. ಗೇಟಿನ ಮೇಲೆ ನೋಡಿದರು. ಮೇಲಿನವರನ್ನು ಕೇಳಿಕೊಂಡು ಬರುತ್ತೇವೆಂದು ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಮದುವೆಯ ಚಪ್ಪರ ಏಳುವ ತನಕವೂ ಕೇಳಿಕೊಂಡು ಬಂದಿರಲಿಲ್ಲ. ಆ ಕಡೆ ಎಷ್ಟು ದಿನ ಹೀಗೆ ನಡೆಯುತ್ತದೋ ಹೇಳಲು ಬರುವುದಿಲ್ಲ. ಮುನಿರಾಜಪ್ಪನವರು ಮಾತ್ರ ವಾರಕ್ಕೊಮ್ಮೆ ಹಕ್ಕಿಯನ್ನು ಬಟ್ಟೆಯಿಂದ ಒರೆಸುತ್ತಾರೆ.

ಇತ್ತ ದೂಪನಹಳ್ಳಿಯ ಗೇಟಿನ ಮೇಲೆ ಎರಡು ಚಿನ್ನದ ಪಾದಗಳಷ್ಟೇ ಉಳಿದಿವೆ. ಕಂಬಿ ಅಷ್ಟು ಗಟ್ಟಿಯಾಗಿ ಕೂತಿತ್ತು. ಬೈಲಪ್ಪನವರು ಈಗ ಹಾಲಿನ ಪ್ಯಾಕೆಟ್ಟನ್ನು ಮುಂಬಾಗಿಲಿನಿಂದಲೇ ಎತ್ತಿಕೊಳ್ಳುತ್ತಾರೆ. ಹೊಸಬರು ಯಾರಾದರೂ ನಿಂತು, ಕಾಲುಗಳನ್ನು ನೋಡಿ, ಮಿಕ್ಕಿದ್ದು ಎಲ್ಲಿ ಎಂದು ಕೇಳಿದರೆ ಅವರಿಗೆ ಬೇಸರವಿಲ್ಲ.

“ಕೆ.ಆರ್. ಪುರದಲ್ಲಿ ಡ್ಯೂಟಿ ಮೇಲಿದೆ,” ಎನ್ನುತ್ತಾರೆ. “ನನ್ನ ಮಗಳ ಮನೆ ಕಾಯ್ತಿದೆ.”